ಕಲ್ಲುಕೇರಿ ತಿರುವಿನಲ್ಲಿ ಆನೆ ರಿವರ್ಸ್ ಹೋದ ಬಗ್ಗೆ

ಕಲ್ಲುಕೇರಿಯ ತಿರುವಿನಲ್ಲಿ ಆನೆಯೊಂದನ್ನು ರಿವರ್ಸ್ ತೆಗೆಸಿದ ಮನುಷ್ಯ ಇಡೀ ಕೊಡಗಿಗೆ ಒಬ್ಬರೇ, ಅವರು ಸಣ್ಣಸ್ವಾಮಿಯವರು. ಇದು ನಡೆದು ಐವತ್ತನಾಲ್ಕು ವರ್ಷವಾಯಿತು. ಆಗ ಅವರು ಟಿಂಬರ್ ಲಾರಿಯ ಕ್ಲೀನರ್. ಆ ಕಡೆಯಿಂದ ಒಂಟಿ ಸಲಗ ಬಂತು, ಈ ಕಡೆಯಿಂದ ಲಾರಿ ಹೋಯಿತು, ತಿರುವಿನಲ್ಲಿ ಇಬ್ಬರಿಗೂ ಜಾಗ ಸಾಲದು. ಸಣ್ಣಸ್ವಾಮಿಯವರು ಕೆಳಗಿಳಿದು, ಆನೆಯ ಮುಂದೆ ನಿಂತು, ‘ಲೋಡ್ ಗಾಡಿಗೆ ದಾರಿ ಬಿಡಬೇಕು, ಅದು ರೂಲ್ಸು’ ಎಂದರು. ಆನೆ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ‘ಬರ್ಲಿ, ಬರ್ಲಿ, ಸ್ವಲ್ಪ ರೈಟು, ಸಾಕು’ ಎಂಬ ಅವರ ಸೂಚನೆಯಂತೆ ಹಿಂದಕ್ಕೆ ನಡೆದು, ಹಲಸಿನ ಮರದ ಪಕ್ಕ ಸೈಡ್ ಹಾಕಿ ನಿಂತಿತು. ಇದಕ್ಕೆ ಸಾಕ್ಷಿ ಮೂವರು: ಲಾರಿಯ ಡ್ರೈವರ್, ಅವನ ಪಕ್ಕ ಕೂತಿದ್ದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಮತ್ತು ಆನೆ. ಮೂವರೂ ತೀರಿಕೊಂಡಿರುವುದರಿಂದ ಈ ವಿಷಯದಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಆ ತಿರುವಿಗೆ ಅಂಟಿಕೊಂಡೇ ಸಣ್ಣಸ್ವಾಮಿಯವರ ಮನೆ. ಮನೆಯ ಮುಂದೆ ಆರಡಿ ಅಗಲದ ಕೆಂಪು ಗಾರೆಯ ಜಗಲಿ. ಸಣ್ಣಸ್ವಾಮಿಯವರು ಶಾಲೆಯೊಳಗೆ ಕಾಲಿಟ್ಟದ್ದು ಒಂದೇ ಸಲ, ಅದೂ ಲಾರಿಯಿಂದ ಹೆಂಚು ಇಳಿಸುವುದಕ್ಕೆ. ಹಾಗಾಗಿ ಅವರ ವಿದ್ಯೆಯೆಲ್ಲ ಬಾಯಲ್ಲಿತ್ತು, ಆ ಬಾಯಿಗೆ ಒಂದು ಜಗಲಿ ಬೇಕಿತ್ತು. ತಿರುವಿಗೆ ಬಂದವರು ನಿಧಾನ ಮಾಡಲೇಬೇಕು. ನಿಧಾನ ಮಾಡಿದವರು ಸಣ್ಣಸ್ವಾಮಿಯವರ ಕೈಗೆ ಸಿಗಲೇಬೇಕು. ಸೋಮವಾರಪೇಟೆ ಸಂತೆಗೆ ಹೊರಟವರು ಹಾಗೆ ಸಿಕ್ಕಿಬಿದ್ದು, ಸಂತೆ ಮುಗಿದ ಮೇಲೆ ಅಲ್ಲಿಂದಲೇ ಮನೆಗೆ ವಾಪಸ್ ಹೋದದ್ದೂ ಉಂಟು.

ಎರಡು ವರ್ಷದ ಹಿಂದೆ ಮೊಬೈಲಿನ ಮ್ಯಾಪು, ಕಲ್ಲುಕೇರಿಯ ಒಳಗಿಂದ ಹೋದರೆ ದುಬಾರೆಯ ಆನೆ ಶಿಬಿರಕ್ಕೆ ಎಂಟು ನಿಮಿಷ ಬೇಗ ತಲುಪಬಹುದು ಎಂದು ಕಂಡುಹಿಡಿಯಿತು. ಅಂದಿನಿಂದ ಶನಿವಾರ ಭಾನುವಾರ ಆನೆ ನೋಡಲು ಹೊರಟ ಕಾರುಗಳೆಲ್ಲ ಆ ಎಂಟು ನಿಮಿಷ ಉಳಿಸಲು ಈ ತಿರುವಿಗೆ ಬಂದು ಎರಡು ಗಂಟೆ ನಿಲ್ಲತೊಡಗಿದವು. ಇದನ್ನು ಪರಿಹರಿಸಲು ಕಲ್ಲುಕೇರಿ ಬಡಾವಣೆ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ ಹುಟ್ಟಿತು. ಹೋಂಸ್ಟೇ ನಡೆಸುವ ಬೊಳ್ಳಮ್ಮನವರು ಅಧ್ಯಕ್ಷೆ. ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದ ಮಲ್ಲಪ್ಪನವರು ಕಾರ್ಯದರ್ಶಿ. ಸಂಘಕ್ಕೆ ಕಟ್ಟಡವಿಲ್ಲದ್ದರಿಂದ ಸಭೆಗಳು ಸಣ್ಣಸ್ವಾಮಿಯವರ ಜಗಲಿಯ ಮೇಲೆಯೇ ನಡೆಯುತ್ತಿದ್ದವು. ಸಮಸ್ಯೆ ಕಣ್ಣೆದುರಿಗೇ ಇದ್ದರೆ ಚರ್ಚೆಗೆ ಅನುಕೂಲ ಎಂಬುದು ಎಲ್ಲರ ಅಭಿಪ್ರಾಯವಾಗಿತ್ತು.

ಮಲ್ಲಪ್ಪನವರ ಬಗ್ಗೆ ಒಂದು ಮಾತು ಹೇಳಬೇಕು. ಸಭೆಯಲ್ಲಿ ಆಡಿದ ಪ್ರತಿಯೊಂದು ಮಾತನ್ನೂ ಅವರು ನಡಾವಳಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಬರೆದದ್ದಕ್ಕೆಲ್ಲ ನಂಬರ್ ಹಾಕುತ್ತಿದ್ದರು. ನಂಬರ್ ಬಿದ್ದದ್ದನ್ನೆಲ್ಲ ಸಂಬಂಧಪಟ್ಟ ಇಲಾಖೆಗೆ ಕಳಿಸುತ್ತಿದ್ದರು. ಒಮ್ಮೆ ಯಾರೋ ‘ಕಾಫಿಗೆ ಸಕ್ಕರೆ ಕಮ್ಮಿ’ ಎಂದದ್ದಕ್ಕೂ ಇಲಾಖೆಯಿಂದ ಸ್ವೀಕೃತಿ ಬಂದಿತ್ತು.

ಜಗಲಿಗೆ ಕುತ್ತು ಬಂದ ದಿನದ ಸಭೆಗೆ ಮೂರು ವಿಷಯಗಳಿದ್ದವು. ಒಂದು, ವಾಹನ ದಟ್ಟಣೆ. ಎರಡು, ಕುಟ್ಟಪ್ಪನವರು ರಸ್ತೆಯ ಮೇಲೆ ರಾಶಿ ಹಾಕಿರುವ ಮರಳು ಮತ್ತು ಜಲ್ಲಿ. ಮೂರು, ಅಭಿವೃದ್ಧಿ. ಕುಟ್ಟಪ್ಪನವರು ಜಗಲಿಯ ಎದುರಿಗೇ ಮೂರು ಅಂತಸ್ತಿನ ಹೊಸ ಹೋಂಸ್ಟೇ ಕಟ್ಟಿಸುತ್ತಿದ್ದರು. ಅಂದಿನ ಕಾಫಿ ತಿಂಡಿ ಅವರದೇ ಆಗಿದ್ದರಿಂದ ಎರಡನೇ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ಅದು ಹಾಗೆ ಮುಂದೂಡಲ್ಪಟ್ಟದ್ದು ಹನ್ನೊಂದನೇ ಸಲ.

‘ರಸ್ತೆ ಅಗಲ ಆಗಲೇಬೇಕು,’ ಎಂದರು ಬೊಳ್ಳಮ್ಮ. ‘ನನ್ನ ಗೆಸ್ಟುಗಳು ಗೇಟಿನ ತನಕ ಬಂದು, ಒಳಗೆ ಬರೋಕೆ ಒಂದೂವರೆ ಗಂಟೆ ಕಾಯ್ತಾರೆ. ಚೆಕ್ ಇನ್ ಆಗೋ ಹೊತ್ತಿಗೆ ಚೆಕ್ ಔಟ್ ಟೈಮ್ ಆಗಿರುತ್ತೆ.’

‘ಮಾಡೋಣ ಅಕ್ಕ. ಆದ್ರೆ ಯಾವ ಕಡೆ?’ ಎಂದರು ಕುಟ್ಟಪ್ಪ. ‘ಈ ಕಡೆ ನನ್ನ ಬಿಲ್ಡಿಂಗು. ಪ್ಲಾಸ್ಟರ್ ಕೂಡ ಒಣಗಿಲ್ಲ. ಆ ಕಡೆ...’

ಎಲ್ಲರೂ ತಾವು ಕೂತ ಜಾಗವನ್ನು ನೋಡಿಕೊಂಡರು.

‘ಜಗಲಿ ಹಳೇದು,’ ಎಂದು ಕುಟ್ಟಪ್ಪ ಮುಂದುವರಿಸಿದರು. ‘ಹೊಸದು ಇರಬೇಕೋ ಹಳೇದು ಇರಬೇಕೋ, ಸಣ್ಣಸ್ವಾಮಣ್ಣ, ನೀವೇ ಹೇಳಿ. ನೀವು ಹಿರಿಯರು.’

ಸಣ್ಣಸ್ವಾಮಿಯವರು ಹೇಳುವಷ್ಟರಲ್ಲಿ ನಿರ್ಣಯ ಆಗಿಹೋಗಿತ್ತು. ಸಾರ್ವಜನಿಕ ಹಿತದೃಷ್ಟಿಯಿಂದ ಸದರಿ ಜಗಲಿಯನ್ನು ಒಡೆದು ರಸ್ತೆಗೆ ಸೇರಿಸಿಕೊಳ್ಳತಕ್ಕದ್ದು. ಸಭೆಗೆ ಜಗಲಿ ಒದಗಿಸಿದ್ದಕ್ಕಾಗಿ ಸಣ್ಣಸ್ವಾಮಿಯವರಿಗೆ ವಂದನೆಗಳು.

ಒಳಗಿಂದ ಅವರ ಹೆಂಡತಿ ಕಾವೇರಮ್ಮ ಬಾಗಿಲಿಗೆ ಬಂದು ನಿಂತರು. ‘ಜಗಲಿ ಒಡೆದ್ರೆ ಇವರು ಎಲ್ಲಿ ಕೂರ್ತಾರೆ ಅಂತ ಯಾರಾದ್ರೂ ಯೋಚನೆ ಮಾಡಿದೀರಾ? ಒಳಗೆ ಬಂದು ಕೂರ್ತಾರೆ. ಐವತ್ತೆರಡು ವರ್ಷದಿಂದ ಇವರನ್ನ ಹೊರಗೆ ಕೂರಿಸಿ ಸಂಸಾರ ಮಾಡಿದೀನಿ ನಾನು.’

ಮಲ್ಲಪ್ಪನವರು ಅದನ್ನೂ ಬರೆದುಕೊಂಡರು.

ಸಣ್ಣಸ್ವಾಮಿಯವರಿಗೆ ಮನೆ ಹೋದರೂ ಅಷ್ಟು ಬೇಸರವಿರಲಿಲ್ಲ. ಗೋಡೆಗಳೇನು, ಅವಕ್ಕೆ ಕತೆ ಹೇಳಲಾಗುತ್ತದೆಯೇ. ಜಗಲಿ ಹೋದರೆ ಎಪ್ಪತ್ತೆಂಟನೇ ವಯಸ್ಸಿನಲ್ಲಿ ಅವರು ಬರೀ ಒಬ್ಬ ಮುದುಕ. ಅವರು, ‘ಒಡೀರಿ, ನಂದೇನಿಲ್ಲ. ಆದ್ರೆ ಆನೆಯನ್ನ ಒಂದು ಮಾತು ಕೇಳಬೇಕಾಗುತ್ತೆ’ ಎಂದರು.

‘ಯಾವ ಆನೆ?’

‘ಅವತ್ತು ರಿವರ್ಸ್ ಹೋಯ್ತಲ್ಲ, ಅದು. ಸುಮ್ಮನೆ ಹೋಯ್ತು ಅಂದ್ಕೊಂಡ್ರಾ? ಮಾತುಕತೆ ಆಗಿತ್ತು. ಇವತ್ತು ನೀನು ದಾರಿ ಬಿಡು, ನಾಳೆ ನೀನೋ ನಿನ್ನ ಮಕ್ಕಳೋ ಬಂದ್ರೆ ಈ ತಿರುವು ಹೀಗೇ ಇರುತ್ತೆ, ನಾನು ಜವಾಬ್ದಾರಿ ಅಂದಿದ್ದೆ.’

ಮಲ್ಲಪ್ಪನವರು ಪೆನ್ನು ಎತ್ತಿ ಹಿಡಿದರು. ‘ಒಪ್ಪಂದ ಲಿಖಿತವೋ ಮೌಖಿಕವೋ?’

‘ಮೌಖಿಕ. ನಂಗೂ ಬರೆಯೋಕೆ ಬರಲ್ಲ, ಅದಕ್ಕೂ ಬರ್ತಿರಲಿಲ್ಲ.’

ಕುಟ್ಟಪ್ಪ ನಕ್ಕರು. ಬೊಳ್ಳಮ್ಮ ಗಡಿಯಾರ ನೋಡಿದರು. ಮಲ್ಲಪ್ಪನವರು ನಗಲಿಲ್ಲ. ಅವರು ಬರೆದರು, ನಂಬರ್ ಹಾಕಿದರು, ಕಳಿಸಿದರು.

ಸಾಮಾನ್ಯವಾಗಿ ಎರಡು ವರ್ಷಕ್ಕೆ ಬರುವ ಉತ್ತರ ಈ ಸಲ ಹತ್ತೊಂಬತ್ತು ದಿನಕ್ಕೇ ಬಂತು. ಒಂದು ಕೆಲಸ ಮುಂದಕ್ಕೆ ಹಾಕುವುದಕ್ಕೆ ಇಷ್ಟು ಚೊಕ್ಕವಾದ ಕಾರಣ ಇಲಾಖೆಗೆ ಹಿಂದೆಂದೂ ಸಿಕ್ಕಿರಲಿಲ್ಲ. ಪತ್ರ ಹೀಗಿತ್ತು:

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ತಿರುವು ಆನೆಗಳ ಹಿಮ್ಮುಖ ಚಲನೆಯ ಸ್ಥಳವೆಂದು ತಮ್ಮ ಪತ್ರದಿಂದ ತಿಳಿದುಬಂದಿರುತ್ತದೆ. ಆನೆಯು ಮುಂದಕ್ಕೆ ಹೋಗುವ ಬಗ್ಗೆ ನಿಯಮಗಳಿದ್ದು, ಹಿಂದಕ್ಕೆ ಹೋಗುವ ಬಗ್ಗೆ ಇರುವುದಿಲ್ಲ. ಆದ್ದರಿಂದ ಹೊಸ ನಿಯಮಗಳನ್ನು ರೂಪಿಸಿ ಲಗತ್ತಿಸಿದೆ. ಸ್ಥಳ ತಪಾಸಣೆಯಲ್ಲಿ ಆನೆಯು ಖುದ್ದು ಹಾಜರಿದ್ದು ಹಿಮ್ಮುಖವಾಗಿ ಚಲಿಸಿ ತೋರಿಸತಕ್ಕದ್ದು. ತಪ್ಪಿದಲ್ಲಿ ಆನೆಗೆ ಆಕ್ಷೇಪಣೆ ಇಲ್ಲವೆಂದು ಭಾವಿಸಿ ಅದೇ ದಿನ ಜಗಲಿಯನ್ನು ತೆರವುಗೊಳಿಸಲಾಗುವುದು.’

ಮರುವಾರ ಶಿಶಿರ್ ಎಂಬ ಕಿರಿಯ ಇಂಜಿನಿಯರರು ಟೇಪು ಹಿಡಿದುಕೊಂಡು ಅಳತೆಗೆ ಬಂದರು.

‘ಆನೆ ರಿವರ್ಸ್ ತಗೊಳೋಕೆ ಎಷ್ಟು ಜಾಗ ಬೇಕಾಗುತ್ತೆ, ಯಜಮಾನ್ರೇ?’ ಎಂದು ಅವರು ಕೇಳಿದರು.

‘ಅದು ಆನೆ ಮೇಲೆ ಹೋಗುತ್ತೆ ಸಾರ್. ಕೆಲವಕ್ಕೆ ಒಂದೇ ಸಲಕ್ಕೆ ಬರುತ್ತೆ. ಕೆಲವು ಮುಂದೆ ಹಿಂದೆ, ಮುಂದೆ ಹಿಂದೆ ಮಾಡ್ತವೆ.’

‘ಸರಾಸರಿ ಹೇಳಿ.’

‘ಹನ್ನೆರಡಡಿಗೆ ಇಪ್ಪತ್ತಡಿ ಹಾಕ್ಕೊಳಿ. ಬಾಲಕ್ಕೆ ಒಂದಡಿ ಬೇರೆ.’

ಇಂಜಿನಿಯರರು ಸುಣ್ಣದಲ್ಲಿ ಗುರುತು ಹಾಕಿದರು. ಗುರುತು ಸರಿಯಾಗಿ ಕುಟ್ಟಪ್ಪನವರ ಮರಳಿನ ರಾಶಿಯ ಮೇಲೆ ಬಿತ್ತು. ಹನ್ನೊಂದು ಸಭೆಗಳಲ್ಲಿ ಕದಲದ ಮರಳು ಸಂಜೆಯೊಳಗೆ ಕುಟ್ಟಪ್ಪನವರ ಕಾಂಪೌಂಡಿನ ಒಳಗೆ ಹೋಯಿತು. ಕಾಂಪೌಂಡಿನ ಹೊಸ ಗೋಡೆ ಅದರ ಭಾರಕ್ಕೆ ಸ್ವಲ್ಪ ಹೊರಗೆ ವಾಲಿತು.

‘ಇರ್ಲಿ ಸಣ್ಣಸ್ವಾಮಣ್ಣ,’ ಎಂದರು ಕುಟ್ಟಪ್ಪ, ಬೆವರು ಒರೆಸಿಕೊಳ್ಳುತ್ತಾ. ‘ತಪಾಸಣೆ ದಿನ ಜೆಸಿಬಿ ನಾನೇ ಬಾಡಿಗೆಗೆ ತರಿಸ್ತೀನಿ. ನಿಮ್ಮ ಆನೆ ಬರಲಿಲ್ಲ ಅಂದ ಐದೇ ನಿಮಿಷಕ್ಕೆ ಜಗಲಿ ಎತ್ತಿಸ್ತೀನಿ. ನಿಮಗೆ ಒಂದು ಪೈಸೆ ಖರ್ಚಿಲ್ಲ.’

ಆಮೇಲಿನ ಹತ್ತು ದಿನ ಸಣ್ಣಸ್ವಾಮಿಯವರು ಜಗಲಿ ಬಿಟ್ಟು ಏಳಲಿಲ್ಲ. ದಾರಿಹೋಕರನ್ನು ಕರೆಯಲಿಲ್ಲ, ಕತೆ ಹೇಳಲಿಲ್ಲ. ಶಿರಂಗಾಲದ ಕಡೆಯಿಂದ ಬಂದ ಒಬ್ಬ ಅಕ್ಕಿ ವ್ಯಾಪಾರಿ ತಾನಾಗಿ ನಿಂತು ‘ಏನ್ ಅಜ್ಜ, ಇವತ್ತು ಏನೂ ಇಲ್ವಾ?’ ಎಂದು ಕೇಳಿದರೆ, ‘ಹೋಗಪ್ಪ, ಲೇಟಾಗುತ್ತೆ’ ಎಂದರು. ಕಾವೇರಮ್ಮನವರಿಗೆ ಗಾಬರಿಯಾದದ್ದು ಆಗಲೇ.

‘ನಿಮ್ಮ ಫ್ರೆಂಡಿಗೆ ಹೇಳಿ ಕಳಿಸಿದೀರಾ?’ ಎಂದು ಕಾಫಿ ಲೋಟ ಇಡುತ್ತಾ ಕೇಳಿದರು.

‘ಯಾರು?’

‘ಆನೆ.’

‘ಸತ್ತೋಗಿದೆ ಅಂತ ನಿಂಗೂ ಗೊತ್ತಲ್ಲ.’

‘ಮಕ್ಕಳು ಮರಿ ಇರ್ತವಲ್ಲ,’ ಎಂದು ಕಾವೇರಮ್ಮ ಒಳಗೆ ಹೋದರು. ಆಮೇಲೆ, ಯಾರಿಗೂ ಕಾಣದಂತೆ, ಹಿತ್ತಲಿನ ತುದಿಯಲ್ಲಿ ಒಂದು ಹಲಸಿನ ಹಣ್ಣು ಇಟ್ಟು ಬಂದರು.

ತಪಾಸಣೆಯನ್ನು ಭಾನುವಾರವೇ ಇಡಲಾಗಿತ್ತು, ಏಕೆಂದರೆ ದಟ್ಟಣೆ ಇರುವುದೇ ಭಾನುವಾರ, ಮತ್ತು ಭಾನುವಾರ ಡ್ಯೂಟಿಗೆ ಬಂದವರಿಗೆ ಸೋಮವಾರ, ಮಂಗಳವಾರ ರಜೆ ಸಿಗುತ್ತದೆ. ಹತ್ತು ಗಂಟೆಗೆ ಶಿಶಿರ್ ಬಂದರು. ಹತ್ತೂಕಾಲಿಗೆ ಜೆಸಿಬಿ ಬಂತು, ಅದನ್ನು ಓಡಿಸುವ ಗಿರಿ ಅದರೊಳಗೇ ಕೂತು ಅವಲಕ್ಕಿ ತಿನ್ನುತ್ತಿದ್ದ. ಹತ್ತೂವರೆಗೆ ಎರಡೂ ಕಡೆಯಿಂದ ಕಾರುಗಳು ಬಂದು ನಿಂತವು. ಹನ್ನೊಂದಾದರೂ ಆನೆ ಬರಲಿಲ್ಲ.

ಇಂಜಿನಿಯರರು ಮೂರು ಸಲ ಹೆಸರು ಕೂಗಿಸಿದರು. ಆನೆಗೆ ಹೆಸರಿಲ್ಲದ್ದರಿಂದ ಮಲ್ಲಪ್ಪನವರು ‘ಆನೆ, ಕಲ್ಲುಕೇರಿ ತಿರುವು, ಹಾಜರಿದ್ದೀರಾ?’ ಎಂದು ಕೂಗಿದರು. ಒಂದು ಕಾರಿನವನು ಹಾರ್ನ್ ಹೊಡೆದ. ಅದನ್ನು ಉತ್ತರವೆಂದು ಪರಿಗಣಿಸಲಾಗಲಿಲ್ಲ.

‘ಗಿರಿ, ಸ್ಟಾರ್ಟ್ ಮಾಡಪ್ಪ,’ ಎಂದರು ಕುಟ್ಟಪ್ಪ.

ಜೆಸಿಬಿ ಗುರುಗುಟ್ಟಿ, ಉದ್ದನೆಯ ಕೈ ಎತ್ತಿ, ಜಗಲಿಯ ಕಡೆಗೆ ಹೊರಳಿತು. ಸಣ್ಣಸ್ವಾಮಿಯವರು ಕೂತಲ್ಲೇ ಗಾರೆಯ ಮೇಲೆ ಅಂಗೈ ಒತ್ತಿ ಹಿಡಿದುಕೊಂಡರು. ಆಗ ಮಲ್ಲಪ್ಪನವರು, ಕನ್ನಡಕ ಏರಿಸಿ, ನಿಯಮಾವಳಿಯ ಮೇಲೆ ಬೆರಳಿಟ್ಟು, ‘ಸಾರ್, ಒಂದು ನಿಮಿಷ. ಏಳನೇ ಷರತ್ತು ಯಾರೂ ಓದಿಲ್ಲ’ ಎಂದರು.

ಏಳನೇ ಷರತ್ತು ಹೀಗಿತ್ತು: ‘ತಪಾಸಣೆಗೆ ಆನೆ ಲಭ್ಯವಿಲ್ಲದಿದ್ದಲ್ಲಿ, ಸ್ಥಳದಲ್ಲಿ ಹಾಜರಿರುವ, ತೂಕದಲ್ಲಿ ಸರಿಸುಮಾರು ಸಮನಾದ, ಮುಂಭಾಗದಲ್ಲಿ ಎತ್ತಿ ಇಳಿಸಬಹುದಾದ ಅಂಗವುಳ್ಳ ಯಾವುದನ್ನಾದರೂ ಆನೆಯೆಂದು ಪರಿಗಣಿಸಬಹುದು.’

ಶಿಶಿರ್ ಷರತ್ತನ್ನು ಎರಡು ಸಲ ಓದಿದರು. ಜೆಸಿಬಿಯನ್ನು ಒಂದು ಸಲ ನೋಡಿದರು. ಅವರಿಗೆ ಊಟದ ಹೊತ್ತಿಗೆ ಕುಶಾಲನಗರ ಸೇರಬೇಕಾಗಿತ್ತು.

‘ಸರಿ,’ ಎಂದರು. ‘ರಿವರ್ಸ್ ತೆಗೆಸಿ. ಇದರಲ್ಲಿ ಅನುಭವ ಇರೋರು ಯಾರು?’

ಇಡೀ ಕೊಡಗಿನಲ್ಲಿ ಅನುಭವ ಇದ್ದವರು ಒಬ್ಬರೇ. ಸಣ್ಣಸ್ವಾಮಿಯವರು ಜಗಲಿ ಇಳಿದು ಬಂದರು. ಎರಡೂ ಕಡೆಯ ಕಾರುಗಳಿಂದ ಜನ ಇಳಿದು ಮೊಬೈಲು ಎತ್ತಿದರು. ಅವರು ಜೆಸಿಬಿಯ ಮುಂದೆ ನಿಂತು, ಸೊಂಟಕ್ಕೆ ಕೈಕೊಟ್ಟು, ‘ಲೋಡ್ ಗಾಡಿಗೆ ದಾರಿ ಬಿಡಬೇಕು’ ಎಂದು ಗದರಿದರು.

‘ಯಾವ ಲೋಡ್ ಗಾಡಿ ಅಜ್ಜ?’ ಎಂದ ಗಿರಿ ಮೇಲಿಂದ.

‘ನೀನು ಬಾಯಿ ಮುಚ್ಚು. ಆನೆ ಮಾತಾಡಬಾರದು. ಬರ್ಲಿ. ಬರ್ಲಿ. ಸ್ವಲ್ಪ ರೈಟು. ಇನ್ನೂ ಬರ್ಲಿ.’

ಗಿರಿ ಹಿಂದೆ ಹೋದ. ಸಣ್ಣಸ್ವಾಮಿಯವರಿಗೆ ‘ಸಾಕು’ ಎನ್ನಲು ಮನಸ್ಸೇ ಬರಲಿಲ್ಲ. ಐವತ್ತನಾಲ್ಕು ವರ್ಷದಲ್ಲಿ ಇಷ್ಟು ಜನ ಒಟ್ಟಿಗೆ ಅವರ ಕಡೆ ನೋಡಿರಲಿಲ್ಲ. ಜೆಸಿಬಿ ಸುಣ್ಣದ ಗುರುತು ದಾಟಿತು, ಬಾಲಕ್ಕೆಂದು ಬಿಟ್ಟಿದ್ದ ಒಂದಡಿಯನ್ನೂ ದಾಟಿತು, ಕುಟ್ಟಪ್ಪನವರ ಕಾಂಪೌಂಡ್ ಗೋಡೆಗೆ ಸಣ್ಣಗೆ ತಾಗಿತು. ಒಳಗಿನ ಮರಳಿನ ಭಾರಕ್ಕೆ ಆಗಲೇ ವಾಲಿದ್ದ ಗೋಡೆ ಯಾರಿಗೂ ತೊಂದರೆಯಾಗದಂತೆ ಮಲಗಿತು.

‘ಸಾಕು,’ ಎಂದರು ಸಣ್ಣಸ್ವಾಮಿ.

ಕುಟ್ಟಪ್ಪನವರ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವ ಮೊದಲೇ ಮಲ್ಲಪ್ಪನವರು ಪುಸ್ತಕ ಹಿಡಿದು ಎದುರಿಗೆ ನಿಂತರು.

‘ಕುಟ್ಟಪ್ಪನೋರೇ, ಬರ್ಕೋಬೇಕು. ಗೋಡೆ ಬೀಳಿಸಿದ್ದು ಜೆಸಿಬಿಯೋ ಆನೆಯೋ?’

‘ಏನ್ರೀ ಹಾಗಂದ್ರೆ?’

‘ಜೆಸಿಬಿ ಅಂದ್ರೆ, ಅದನ್ನ ಬಾಡಿಗೆಗೆ ತಂದವರು ನೀವು. ನಿಮ್ಮ ಗೋಡೆಯನ್ನ ನೀವೇ ಬೀಳಿಸಿಕೊಂಡ ಹಾಗೆ ಆಗುತ್ತೆ. ಆನೆ ಅಂದ್ರೆ, ಕಾಡುಪ್ರಾಣಿಯಿಂದ ಆದ ಹಾನಿ. ಅದಕ್ಕೆ ಪರಿಹಾರ ಇದೆ.’

ಕುಟ್ಟಪ್ಪನವರು ಗೋಡೆಯನ್ನು ನೋಡಿದರು. ಜೆಸಿಬಿಯನ್ನು ನೋಡಿದರು. ಅದರ ಬಣ್ಣ, ಚಕ್ರ, ಸೈಲೆನ್ಸರಿನಿಂದ ಬರುವ ಹೊಗೆ, ಎಲ್ಲವನ್ನೂ ಶಾಂತವಾಗಿ ನೋಡಿದರು.

‘ಆನೆ,’ ಎಂದರು. ‘ಗಂಡಾನೆ.’

ವರದಿಯಲ್ಲಿ ಶಿಶಿರ್ ಮೊದಲು ‘ಪರ್ಯಾಯ ಆನೆ’ ಎಂದೇ ಬರೆದಿದ್ದರು. ನಮೂನೆಯ ಕಾಲಂ ಚಿಕ್ಕದಾಗಿದ್ದರಿಂದ ‘ಪರ್ಯಾಯ’ವನ್ನು ಕೈಬಿಡಲಾಯಿತು.

ಪರಿಹಾರದ ಸುದ್ದಿ ಹಬ್ಬಿದ ಮೇಲೆ ಕಲ್ಲುಕೇರಿಯಲ್ಲಿ ಆನೆ ಹಾವಳಿ ವಿಪರೀತವಾಯಿತು. ಒಂದೇ ವಾರದಲ್ಲಿ ಅದು ಬೊಳ್ಳಮ್ಮನವರ ಗೇಟು ಮುರಿಯಿತು, ಪಕ್ಕದವರ ಸೋಲಾರ್ ಹೀಟರ್ ಕೆಡಿಸಿತು, ಸೊಸೈಟಿ ಹತ್ತಿರದ ಮನೆಯೊಂದರ ಎರಡನೇ ಮಹಡಿಯ ಬಾತ್‌ರೂಮಿನ ಟೈಲ್ಸು ಒಡೆಯಿತು. ಹಾವಳಿ ಮಾಡುವ ಆನೆಯ ಇರವು ಸಾಬೀತಾಗಿರಬೇಕು ಎಂಬ ನಿಯಮವಿದ್ದದ್ದರಿಂದ, ಅದು ತಿರುವಿನಲ್ಲೇ ಕಾಯಂ ನಿಲ್ಲುವಂತೆ ಸಂಘ ಕೇಳಿಕೊಂಡಿತು. ಇಲಾಖೆ ಒಪ್ಪಿತು. ಗಿರಿಯನ್ನು ಮಾವುತನೆಂದು ನೇಮಿಸಿ, ದಿನಕ್ಕೆ ಇಷ್ಟು ಬೆಲ್ಲ ಇಷ್ಟು ಹುಲ್ಲು ಎಂದು ಮಂಜೂರಾಯಿತು. ಬೆಲ್ಲವನ್ನು ಅವನು ಮನೆಗೆ ಒಯ್ದ. ಹುಲ್ಲನ್ನು ಬೊಳ್ಳಮ್ಮನವರ ಹಸು ತಿಂದಿತು. ಡೀಸೆಲ್ಲಿಗೆ ಅವಕಾಶವಿರಲಿಲ್ಲ, ಆನೆಗಳು ಡೀಸೆಲ್ ಕುಡಿಯುವುದಿಲ್ಲವೆಂದು ಲೆಕ್ಕಪರಿಶೋಧಕರು ಆಕ್ಷೇಪಿಸಿದ್ದರು. ಹಾಗಾಗಿ ಅದು ನಿಂತಲ್ಲಿಂದ ಕದಲುವ ಪ್ರಶ್ನೆಯೇ ಬರಲಿಲ್ಲ.

ತಿರುವಿನಲ್ಲಿ ಎರಡು ಕಡೆಯೂ ಬೋರ್ಡು ನಿಂತಿತು:

‘ಆನೆ ಹಿಮ್ಮುಖ ಚಲನಾ ವಲಯ. ಹಾರ್ನ್ ಮಾಡಬೇಡಿ. ಆನೆಗೆ ಮೊದಲ ಆದ್ಯತೆ. ಆನೆ ನಿಂತಿದ್ದಲ್ಲಿ, ಅದು ಹೋಗುವವರೆಗೆ ಕಾಯಿರಿ.’

ಆನೆ ಹೋಗುತ್ತಿರಲಿಲ್ಲ. ಎರಡು ಗಂಟೆಯ ದಟ್ಟಣೆ ನಾಲ್ಕು ಗಂಟೆಯಾಯಿತು. ಕಾರಿನಲ್ಲಿ ಸಿಕ್ಕಿಬಿದ್ದವರಿಗೆ ಹಸಿವಾಯಿತು. ಕುಟ್ಟಪ್ಪನವರು ಬಿದ್ದ ಗೋಡೆಯ ಜಾಗದಲ್ಲಿ ಕಾಫಿ, ಕಾಳುಮೆಣಸು, ಜೇನಿನ ಅಂಗಡಿ ಇಟ್ಟರು. ಬೊಳ್ಳಮ್ಮನವರ ರಸ್ತೆ ಕಡೆಯ ಕೋಣೆಗಳಿಗೆ ‘ಆನೆ ಕಾಣುವ ಕೋಣೆ’ ಎಂದು ಹೆಸರಾಗಿ ಬಾಡಿಗೆ ಏರಿತು. ಬಹಳ ಜನ ದುಬಾರೆಗೆ ಹೋಗುವುದನ್ನೇ ಬಿಟ್ಟು ಇಲ್ಲಿಂದಲೇ ಫೋಟೋ ತೆಗೆದುಕೊಂಡು ಮರಳಿದರು. ಮುಂದಿನ ಸಭೆಯಲ್ಲಿ, ದಟ್ಟಣೆಯನ್ನು ಕಡಿಮೆ ಮಾಡುವ ಯಾವುದೇ ಪ್ರಯತ್ನವನ್ನು ಬಡಾವಣೆಯ ಅಭಿವೃದ್ಧಿಗೆ ಅಡ್ಡಿಯೆಂದು ಪರಿಗಣಿಸಲು ಸರ್ವಾನುಮತದಿಂದ ತೀರ್ಮಾನವಾಯಿತು. ರಸ್ತೆ ಅಗಲೀಕರಣ ರದ್ದಾಯಿತು. ಕಾಯುವವರು ಕೂರಲು ಬೇರೆ ಜಾಗವಿಲ್ಲದ್ದರಿಂದ ಜಗಲಿಯನ್ನು ಸಾರ್ವಜನಿಕ ಸೌಲಭ್ಯವೆಂದು ಘೋಷಿಸಿ, ಯಾರೂ ಮುಟ್ಟಬಾರದೆಂದು ಆದೇಶ ಬಂತು.

ಕಾವೇರಮ್ಮ ಆದೇಶವನ್ನು ಮಲ್ಲಪ್ಪನವರಿಂದ ಎರಡು ಸಲ ಓದಿಸಿ ಕೇಳಿ, ಬಾಗಿಲನ್ನು ಒಳಗಿಂದ ಹಾಕಿಕೊಂಡು ನೆಮ್ಮದಿಯಾಗಿ ಮಲಗಿದರು.

ಈಗ ಭಾನುವಾರ ಜಗಲಿಯ ಮೇಲೆ ಕೂರಲು ಜಾಗ ಸಿಗುವುದಿಲ್ಲ. ಮೊನ್ನೆ ಮೈಸೂರಿನಿಂದ ಬಂದ ಸಂಹಿತಾ ಎಂಬ ಕಾಲೇಜು ಹುಡುಗಿ, ಕಾರು ಕದಲದೆ ಬೇಸತ್ತು, ಬಂದು ಮೆಟ್ಟಿಲ ಮೇಲೆ ಕೂತಳು. ಸಣ್ಣಸ್ವಾಮಿಯವರು ತಪಾಸಣೆಯ ದಿನದ ವಿಷಯ ಹೇಳುತ್ತಿದ್ದರು.

‘ಗೋಡೆ ಬೀಳಿಸಿದ ಮೇಲೆ ಅದಕ್ಕೆ ತಲೆ ಕೆಟ್ಟೋಯ್ತು. ಮದ. ನೇರ ಇಂಜಿನಿಯರ್ ಮೇಲೆ ಹೋಯ್ತು. ಎಲ್ಲರೂ ಓಡಿದ್ರು. ಈ ಕುಟ್ಟಪ್ಪ ಮರ ಹತ್ತಿದ.’

‘ಹತ್ತಿದ್ದೆ,’ ಎಂದರು ಕುಟ್ಟಪ್ಪ, ಕಾಫಿಪುಡಿ ತೂಗುತ್ತಾ.

‘ನಾನೊಬ್ಬನೇ ನಿಂತಿದ್ದು. ಹೋಗಿ ಎರಡೂ ಕಿವಿ ಹಿಡಿದೆ. ಹೀಗೆ ಬಗ್ಗಿಸಿದೆ ನೋಡಿ. ಮಂಡಿ ಊರಿ ಕೂತ್ಬಿಡ್ತು.’

ಜಗಲಿಯ ಮೇಲಿದ್ದವರೆಲ್ಲ ತಲೆಯಾಡಿಸಿದರು. ಮಲ್ಲಪ್ಪನವರು ಬರೆದುಕೊಂಡರು. ಸಂಹಿತಾ ಎದ್ದು, ರಸ್ತೆ ದಾಟಿ, ಜೆಸಿಬಿಯ ಸುತ್ತ ಪೂರ್ತಿ ಒಂದು ಸುತ್ತು ಬಂದಳು. ಬಕೆಟ್ಟಿನ ಒಳಗೆ ಹಣಕಿ ನೋಡಿದಳು. ವಾಪಸ್ ಬಂದು ಸಣ್ಣಸ್ವಾಮಿಯವರ ಮುಂದೆ ನಿಂತಳು.

‘ಅಜ್ಜ, ಇದಕ್ಕೆ ಕಿವಿ ಎಲ್ಲಿದೆ?’

ಕುಟ್ಟಪ್ಪನವರ ತಕ್ಕಡಿ ನಿಂತಿತು. ಗಿರಿ ತಾನು ಕೂತ ಕ್ಯಾಬಿನ್ನಿನ ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಬಗ್ಗಿ ನೋಡಿದ. ಮಲ್ಲಪ್ಪನವರು ಪೆನ್ನನ್ನು ಹಾಳೆಯಿಂದ ಎತ್ತಿ, ‘ಹೌದಲ್ಲ ಸಣ್ಣಸ್ವಾಮಣ್ಣ, ಏನು ಹಿಡಿದಿದ್ದು ಅಂತ ಬರೀಲಿ?’ ಎಂದರು.

ಸಣ್ಣಸ್ವಾಮಿಯವರು ಜೆಸಿಬಿಯನ್ನು ಒಮ್ಮೆ ನೋಡಿದರು. ಆಮೇಲೆ ಭುಜ ಹಾರಿಸಿ, ‘ನಿಮಗೆ ಸರಿ ಕಂಡದ್ದು ಬರ್ಕೊಳಿ’ ಎಂದು, ಹುಡುಗಿಗೆ ಜಾಗ ಮಾಡಲು ಜಗಲಿಯ ಮೇಲೆ ಸ್ವಲ್ಪ ಸರಿದು ಕೂತರು.